ಎಡಗಾಲಿನ ಉಕ್ಕು

ನಾನು ಒಂದು ಉಕ್ಕಿನ ಶೂ. ನನಗೆ ಜೋಡಿ ಇಲ್ಲ. ನಾನು ಹುಟ್ಟಿದ್ದೇ ಎಡಗಾಲಿಗಾಗಿ.

ಕ್ಯಾಲಿಫೋರ್ನಿಯಾದ ಒಂದು ಗ್ಯಾರೇಜಿನಲ್ಲಿ ಮರ್ಲ್ ಎಂಬ ವೆಲ್ಡರ್ ಉಕ್ಕಿನ ತಗಡನ್ನು ಕೆಂಪಗೆ ಕಾಯಿಸಿ, ಲಾನಿ ಟಾಸ್ಕರ್‌ನ ಬೂಟಿನ ಅಡಿಗೆ ಸರಿಹೊಂದುವಂತೆ ಬಡಿದು ನನ್ನನ್ನು ಮಾಡಿದ. ಲಾನಿ ಸ್ಪೀಡ್‌ವೇ ರೇಸಿನವನು. ಮೊಟ್ಟೆಯಾಕಾರದ ಮಣ್ಣಿನ ದಾರಿ, ಒಂದೇ ಗೇರಿನ ಬೈಕು, ಬ್ರೇಕೇ ಇಲ್ಲ. ದಾರಿ ಯಾವಾಗಲೂ ಎಡಕ್ಕೇ ತಿರುಗುತ್ತದೆ. ತಿರುವಿನಲ್ಲಿ ಹಿಂದಿನ ಚಕ್ರ ಜಾರಿಸಿ, ಎಡಗಾಲನ್ನು ನೆಲಕ್ಕೆ ಊರಿ, ಉಜ್ಜಿಕೊಂಡೇ ಹೋಗಬೇಕು. ಆ ಕಾಲಿಗೂ ನೆಲಕ್ಕೂ ನಡುವೆ ಇದ್ದದ್ದು ನಾನು.

ನೋಡಲು ಬಂದವರಿಗೆ ಲಾನಿ ನಗುತ್ತಾ ಕೈಬೀಸುವ ಗಂಡುಗಲಿ. ಕೆಳಗಿದ್ದ ನನಗೆ ಗೊತ್ತಿದ್ದದ್ದು ಬೆವೆತು ನಡುಗುವ ಪಾದ. ಅದು ನಡುಗಿದರೆ ನನ್ನ ಬೆಲ್ಟೂ ಅದುರುತ್ತಿತ್ತು. ಒಮ್ಮೆ ಬೆಲ್ಟ್ ಬಿಗಿಯುತ್ತಿದ್ದ ಅವನ ಹೆಂಡತಿ ಜೋಲೀನ್ ತಲೆಯೆತ್ತಿ ಕೇಳಿದಳು.

"ಕಾಲು ನಡುಗ್ತಿದೆಯಲ್ಲ ಲಾನಿ?"

"ಚಳಿ ಕಣೆ."

"ಈ ಜುಲೈ ಸೆಕೇಲಾ?"

ಅವನು ಬೈಕ್ ತಳ್ಳಿಕೊಂಡು ಹೋದ. ಅಂದು ಗೆದ್ದ. ಆಮೇಲೂ ಬೇಕಾದಷ್ಟು ಸಲ ಗೆದ್ದ. ಗೆದ್ದಷ್ಟೂ ನಡುಕ ಹೆಚ್ಚಿತು. ಈ ಸಲ ಬದುಕಿದೆವು, ಮುಂದಿನ ಸಲ ಏನೋ ಎಂದು ನಾನೂ ಹೆದರುತ್ತಿದ್ದೆ.

ಇಂಗ್ಲೆಂಡಿನ ತಂಡವೊಂದು ಅವನನ್ನು ಕರೆಸಿಕೊಂಡಿತು. ಅಲ್ಲಿಯ ದಾರಿ ಒದ್ದೆ, ಮಣ್ಣು ಭಾರ. ಕಾಲಿಟ್ಟರೆ ಎಲ್ಲಿ ಹಿಡಿಯುತ್ತದೆ, ಎಲ್ಲಿ ಜಾರುತ್ತದೆ ಎನ್ನುವುದು ನನಗೇ ತಿಳಿಯುತ್ತಿರಲಿಲ್ಲ. ಅದೇ ತಂಡದ ಕ್ಲೈವ್ ಆರಲ್‌ಗೆ ಮಾತ್ರ ಯಾವ ಅಳುಕೂ ಇರಲಿಲ್ಲ.

ಒಂದು ಸಂಜೆ, ಕೊನೆಯ ತಿರುವಿನಲ್ಲಿ, ಮುಂದಿದ್ದ ಕ್ಲೈವ್ ಜಾರಿ ಅಡ್ಡಬಿದ್ದ. ನಾವು ಅವನ ಬೆನ್ನಿಗೇ ಇದ್ದೆವು. ಒಂದು ಕ್ಷಣ ಲಾನಿಯ ಪಾದ ಕಲ್ಲಿನಂತೆ ಬಿಗಿದುಕೊಂಡಿತು. ಮರುಕ್ಷಣ ಅವನು ಬೈಕನ್ನೇ ನೆಲಕ್ಕೆ ಕೆಡವಿದ. ನಾವು ಬೇಲಿಯ ಹಲಗೆಗೆ ಅಪ್ಪಳಿಸಿದೆವು. ನನ್ನೊಳಗೆ ಮೂಳೆ ಮುರಿದದ್ದು ನನಗೆ ಕೇಳಿಸಿತು.

ಯಾರೋ ಬೆಲ್ಟ್ ಕತ್ತರಿಸಿ ನನ್ನನ್ನು ಕೆಸರಿಗೆ ಎಸೆದರು. ಎತ್ತಿಕೊಂಡವನು ಕ್ಲೈವ್. ಅವನ ಮೈಮೇಲೆ ಒಂದು ಗೀರೂ ಇರಲಿಲ್ಲ.

ಲಾನಿಯ ಕಣಕಾಲು ಮತ್ತೆ ಮಡಚಲಿಲ್ಲ. ಅವನು ಊರಿಗೆ ಮರಳುವಾಗ, "ನಂಗಿನ್ನು ಇದ್ಯಾಕೆ? ನೀನೇ ಹಾಕ್ಕೋ," ಎಂದು ನನ್ನನ್ನು ಕ್ಲೈವ್‌ಗೇ ಕೊಟ್ಟ.

ಕ್ಲೈವ್‌ನ ಪಾದ ಒಮ್ಮೆಯೂ ನಡುಗಲಿಲ್ಲ. ನನಗೆ ಅದೇ ದೊಡ್ಡ ದಿಗಿಲು. ಕಿರಿದಾದ ಸಂದು ಕಂಡರೂ ನುಗ್ಗುವವನು ಅವನು. ಹಲವು ಸಲ ಬಿದ್ದ, ಇತರರನ್ನೂ ಬೀಳಿಸಿದ. ನಾನು ತಳ ಸವೆದು ತೆಳ್ಳಗಾದೆ. ವಯಸ್ಸಾಗಿ ಅವನು ರೇಸು ಬಿಟ್ಟಾಗ ನನಗೆ ಹೋದ ಜೀವ ಬಂದಂತಾಯಿತು.

ಎಷ್ಟೋ ವರ್ಷಗಳ ಮೇಲೆ ಅವನು ನನ್ನನ್ನು ಚೀಲದಲ್ಲಿಟ್ಟುಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದ. ಲಾನಿಯ ಅಡುಗೆಮನೆಯ ಮೇಜಿನ ಮೇಲೆ ನನ್ನನ್ನಿಟ್ಟ. ಇಬ್ಬರ ತಲೆಯೂ ನರೆತಿತ್ತು. ಜೋಲೀನ್ ಕಾಫಿ ಸುರಿಯುತ್ತಿದ್ದಳು.

"ಒಂದ್ ಮಾತು ಕೇಳ್ಲಾ ಲಾನಿ?" ಎಂದ ಕ್ಲೈವ್. "ಆವತ್ತು ನಿನ್ನ ಎಡಕ್ಕೆ ಜಾಗ ಇತ್ತು. ನುಗ್ಗಿದ್ರೆ ನೀನೇ ಗೆಲ್ತಿದ್ದೆ. ನಂಗೋಸ್ಕರ ಬೈಕ್ ಕೆಡವೋ ಧೈರ್ಯ ಎಲ್ಲಿಂದ ಬಂತು?"

ಲಾನಿ ನನ್ನ ಸವೆದ ತಳವನ್ನು ಬೆರಳಿನಿಂದ ಸವರಿದ. "ಧೈರ್ಯ ಅಲ್ಲ ಕಣೋ. ಜಾಗ ನಂಗೂ ಕಾಣಿಸ್ತು. ಸಾಲುತ್ತೋ ಇಲ್ವೋ ಅಂತ ಹೆದರಿಬಿಟ್ಟೆ. ಅದಕ್ಕೇ ಕೆಡವಿದ್ದು. ನಿನ್ನ ಜೀವ ಉಳಿಸಿದೆ ಅಂತ ಎಲ್ಲರೂ ಹೊಗಳಿದ್ರು. ನಿಜ ಹೇಳೋಕೆ ನಾಚಿಕೆಯಾಯ್ತು."

ಜೋಲೀನ್ ಕಾಫಿ ಪಾತ್ರೆ ಕೆಳಗಿಟ್ಟಳು.

"ನಾನಾಗಿದ್ರೆ ನುಗ್ಗಿಬಿಡ್ತಿದ್ದೆ," ಎಂದ ಕ್ಲೈವ್. ಅವನ ದನಿ ಇಳಿದಿತ್ತು. "ಬಿದ್ದವನು ನಾನು ಉರುಳಿದ್ದು ಎಲ್ಲಿಗೆ ಗೊತ್ತಾ? ಆ ಜಾಗಕ್ಕೇ."

ಜೋಲೀನ್ ಗಂಡನ ಹೆಗಲ ಮೇಲೆ ಕೈಯಿಟ್ಟಳು.

ಈಗ ನಾನು ಲಾನಿಯ ಗ್ಯಾರೇಜಿನ ಮೂಲೆಯಲ್ಲಿ ಬಣ್ಣದ ಡಬ್ಬಿಗಳ ಪಕ್ಕ ತುಕ್ಕು ಹಿಡಿಯುತ್ತಿದ್ದೇನೆ. ನಾನು ಎರಡು ಪಾದಗಳನ್ನು ಹೊತ್ತಿದ್ದೇನೆ. ಇನ್ನೊಮ್ಮೆ ಓಡಬೇಕಾಗಿ ಬಂದು, ಯಾರ ಕಾಲಿಗೆ ಎಂದು ಯಾರಾದರೂ ಕೇಳಿದರೆ, ಆ ಹೆದರುಪುಕ್ಕಲನ ಕಾಲನ್ನೇ ಕೇಳಿಕೊಳ್ಳುತ್ತೇನೆ.