ಅಣ್ಣನ ಗುಳಿಗೆ ಚೀಲ

ಗೂಡಿನಲ್ಲಿಟ್ಟ ಗುಳಿಗೆ ಚೀಲ ಅಲ್ಲೇ ಇದೆಯೋ, ಹೆಂಗಸರ ಕಣ್ಣಿಗೆ ಬಿತ್ತೋ? ಸಮಾಧಿಗೆ ತೋಡಿದ ಕುಣಿಯೊಳಗೆ ನಿಂತು ವಿಭೂತಿ ಗಟ್ಟಿ ಜೋಡಿಸುತ್ತಿದ್ದ ಯಲ್ಲಾಲಿಂಗನ ಮನಸ್ಸು ಸತ್ತ ಅಣ್ಣನ ಮೇಲೆ ನಿಲ್ಲದೆ ಮನೆಯ ಗೋಡೆಗೂಡಿನ ಸುತ್ತ ತಿರುಗುತ್ತಿತ್ತು. ಇಂಥ ಹೊತ್ತಿನಲ್ಲೂ ಅದೇ ಚಿಂತೆಯೇ?

ಮೇಲೆ, ಕನ್ನೊಳ್ಳಿಯ ಅವರದೇ ಹೊಲದ ಬೇವಿನ ನೆರಳಲ್ಲಿ, ಹಾರ ಹಾಕಿ ಕೂಡಿಸಿದ್ದ ಸಂಗಣ್ಣ ಕಣ್ಣು ಮುಚ್ಚಿದ್ದ. ನಸುಕಿನಲ್ಲಿ ಎದೆನೋವೆಂದವನು ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದ.

"ಸಣ್ಣಾಂವಿದ್ದಾಗ ಸೋದರಮಾವ ಸೊಲ್ಲಾಪುರಕ್ಕ ಒಯ್ದ. ಮಿಲ್ಲಿನ ಗದ್ದಲದಾಗ ಬೆಳದು ತಲಿ ಕೆಡಿಸ್ಕೊಂಡು ಬಂತು ಕೂಸು" ಎಂದು ಸೋದರತ್ತೆ ದುರ್ಗವ್ವ ಮೂಗೊರೆಸಿಕೊಂಡಳು. "ಇಲ್ಲೇ ಬೆಳದ ಯಲ್ಲಾಲಿಂಗನ್ನ ನೋಡ್ರಿ. ಗುಂಡಕಲ್ಲ ಆಗ್ಯಾನ."

"ಗುಂಡಕಲ್ಲಿಗೆ ತಲಿ ಎಲ್ಲಿರ್ತೈತಿ ಆಯಿ, ಕೆಡಾಕ?" ಎಂದ ಪಕ್ಕದ ಹೊಲದ ಮಲಿಕಸಾಬ. ಅಳುತ್ತಿದ್ದವರೂ ನಕ್ಕರು.

"ನಗಸಬ್ಯಾಡೋ ಖೋಡಿ. ಈಗ ಯಲ್ಲಾಲಿಂಗ ತನ್ನ ಮಗಳು ರಾಜಶ್ರೀನ್ನ ಕಾಲೇಜಿಗಂತ ಅದ ಸೊಲ್ಲಾಪುರಕ್ಕ ಕಳಸ್ತಾನಂತ. ಒಬ್ಬನ್ನ ಕೆಡಿಸಿದ್ದು ಸಾಲಲಿಲ್ಲೇನು? ಬ್ಯಾಡಂದ್ರ ಬ್ಯಾಡ!"

ರಾಜಶ್ರೀ ಕುಣಿಯ ಅಂಚಿನಿಂದ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

*

ಕೆಲವು ವರ್ಷಗಳ ಹಿಂದೆ ಇದೇ ಹೊಲದಲ್ಲಿ, ಯಾರೂ ಇಲ್ಲದ ಕಡೆ ತಿರುಗಿ ಯಲ್ಲಾಲಿಂಗ ಉತ್ತರ ಕೊಡುತ್ತಿದ್ದುದನ್ನು ಮೊದಲು ಕಂಡವನು ಸಂಗಣ್ಣ. ಆ ಹೊತ್ತಿಗೆ ಸಂಗಣ್ಣ ಗುಣವಾಗಿದ್ದ. ಡಾಕ್ಟರೇ ಅವನ ಗುಳಿಗೆ ನಿಲ್ಲಿಸಿದ್ದರು.

"ನಾ ಏನ್ ಶಹರದಾಗ ಬೆಳದಾಂವೇನ್ರಿ?" ಎಂದು ಯಲ್ಲಾಲಿಂಗ ವಿಜಯಪುರದ ಡಾಕ್ಟರೆದುರು ವಾದಿಸಿದ್ದ.

"ಈ ರೋಗ ಶಹರದಾಗ ಬೆಳದವರಿಗೆ ಸ್ವಲ್ಪ ಹೆಚ್ಚು ಬರ್ತದಂತಾರ. ಹಳ್ಳಿಯವರಿಗೆ ಬರೂದೇ ಇಲ್ಲಂತ ಯಾರು ಹೇಳಿದ್ರು?"

ಬಸ್‌ಸ್ಟ್ಯಾಂಡಿನಲ್ಲಿ ಸಂಗಣ್ಣ ಗುಳಿಗೆ ಚೀಲವನ್ನು ತನ್ನ ಜೇಬಿಗಿಳಿಸಿದ. "ನನಗ ಹೆಂಗೂ ಹುಚ್ಚ ಸಂಗ್ಯಾ ಅಂತಾರ. ನಿನಗ ಮಗಳದಾಳ. ಇವು ನನ್ನವ ಇರ್ಲಿ."

ಅಂದಿನಿಂದ ತಿಂಗಳಿಗೊಮ್ಮೆ ಇಬ್ಬರೂ ಬಸ್ಸು ಹತ್ತುತ್ತಿದ್ದರು. ಹುಚ್ಚ ಅಣ್ಣನನ್ನು ಕೈಬಿಡದ ತಮ್ಮನೆಂದು ಊರು ಯಲ್ಲಾಲಿಂಗನನ್ನು ಹೊಗಳುತ್ತಿತ್ತು.

*

ಸಂಗಣ್ಣನನ್ನು ಕುಣಿಗೆ ಇಳಿಸಿದರು. ತಮ್ಮನೇ ತೋಳು ಹಿಡಿದು ಕೂಡಿಸಿದ. ಸತ್ತವರು ದಿನವೂ ಮುಟ್ಟುತ್ತಿದ್ದುದನ್ನು ಜೊತೆಗಿಡುವುದು ಆ ಮನೆತನದ ಪದ್ಧತಿ. ಚಸ್ಮಾ ಬಂತು, ಎಲೆಅಡಿಕೆ ಚಂಚಿ ಬಂತು. ಕೊನೆಗೆ ದುರ್ಗವ್ವ ಸೆರಗಿನ ಮರೆಯಿಂದ ಗುಳಿಗೆ ಚೀಲ ತೆಗೆದು ಕೆಳಗೆ ಚಾಚಿದಳು.

"ಇದನ್ನೂ ಇಡು. ಸೊಲ್ಲಾಪುರದ ಪೀಡಾ ಅವನ ಸಂಗಾಟ ಹೋಗ್ಲಿ."

ಯಲ್ಲಾಲಿಂಗ ಚೀಲ ಹಿಡಿದು ನಿಂತ.

"ಅತ್ತಿ, ರಾಜಶ್ರೀನ್ನ ಸೊಲ್ಲಾಪುರಕ್ಕ ನಾನ ಬಿಟ್ಟು ಬರ್ತೇನಿ."

"ನಿನಗೂ ಹುಚ್ಚ ಹಿಡದೈತೇನೋ?"

"ಹಿಡದೈತಿ ಅಂತ ತಿಳ್ಕೊ."

ದುಃಖದಲ್ಲಿ ಆಡಿದ ಮಾತೆಂದು ಯಾರೂ ಮುಂದುವರಿಸಲಿಲ್ಲ. ಅವನು ಬಾಗಿ ಅಣ್ಣನ ಮಡಿಲಿಗೆ ಬಿಲ್ವಪತ್ರಿ ಸುರಿದ, ಬಹಳ ಹೊತ್ತು ಬಾಗಿಯೇ ಇದ್ದ. ಮೇಲೆ ಹತ್ತಿ ಬಂದಾಗ ಕೈ ಖಾಲಿಯಿತ್ತು. ಅಂಗಿಯ ಜೇಬು ಉಬ್ಬಿತ್ತು. ರಾಜಶ್ರೀ ಹತ್ತಿರ ಬಂದು, ಅವನ ಹೆಗಲ ಮೇಲಿನ ಟವೆಲ್ಲನ್ನು ಮೆಲ್ಲಗೆ ಎಳೆದು ಜೇಬಿನ ಮೇಲೆ ಇಳಿಬಿಟ್ಟಳು.

ಆ ಗುಳಿಗೆ ತನ್ನವೆಂದು ಯಲ್ಲಾಲಿಂಗ ಯಾರಿಗೂ ಹೇಳಲಿಲ್ಲ.