ಬೀಗರನ್ನು ಇಳಿಸಿದ ಚಾಮುಂಡಮ್ಮ

ಕಂಪಲಾಪುರದ ಚಾಮುಂಡಮ್ಮನ ಬಾಯಿಗೆ ಊರೇ ಹೆದರುತ್ತಿತ್ತು. ತಾಯಿಯಿಲ್ಲದ ಮೊಮ್ಮಕ್ಕಳಿಬ್ಬರನ್ನು ಆ ಬಾಯಿಂದಲೇ ಗದರಿಸಿ ಸಾಕಿದ್ದಳು. ಕಿರಿಯವಳಾದ ಮಧುಶ್ರೀಗೆ ರಕ್ತದ ಕ್ಯಾನ್ಸರ್ ಆದಾಗ, ಬೆಂಗಳೂರಿನಲ್ಲಿ ಅಕ್ಕ ಸುಧಾಳ ಮೈಯಿಂದ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ತೆಗೆದು ಹಾಕಿ ಉಳಿಸಿಕೊಂಡರು. ಹೊಸ ರಕ್ತ ಬಲಿಯುವ ತನಕ ಸಣ್ಣ ಸೋಂಕೂ ಪ್ರಾಣ ತೆಗೆಯಬಹುದು, ಜ್ವರ ಬಂದರೆ ಮಾತ್ರೆ ನುಂಗಿಸಿ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಕರೆತನ್ನಿ ಎಂದಿದ್ದರು ಡಾಕ್ಟರು. ಅಂದಿನಿಂದ ನೋಡಲು ಬಂದ ನೆಂಟರನ್ನೆಲ್ಲ ಮುದುಕಿ ಜಗುಲಿಯಿಂದಲೇ ಸಾಗಹಾಕುತ್ತಿದ್ದಳು. ತಂಬಾಕಿನ ಸೊಪ್ಪು ಬೇಯಿಸಿ ಒಣಗಿಸುವ ಕೆಲಸ ಮುಗಿಸಿ ಬಂದ ಮಗ, ಹುಡುಗಿಯರ ಅಪ್ಪ ದೇವರಾಜು ಕೂಡ ಮೈ ತೊಳೆಯದೆ ಹೊಸಿಲು ದಾಟುವಂತಿರಲಿಲ್ಲ.

ಸುಧಾಳ ನಿಶ್ಚಿತಾರ್ಥದ ಬೆಳಿಗ್ಗೆ ಮಧುಶ್ರೀ ಹೊದ್ದು ಮಲಗಿದ್ದಳು. ಚಾಮುಂಡಮ್ಮ ಹಣೆ ಮುಟ್ಟಿದಳು. ಕಾದ ಹೆಂಚಿನ ಹಾಗೆ ಸುಡುತ್ತಿತ್ತು.

"ಯಾರ್ಗೂ ಯೋಳ್ಬ್ಯಾಡ ಕಣಜ್ಜಿ. ಅಕ್ಕನ ಶಾಸ್ತ್ರ ಮುಗೀಲಿ."

ಮುದುಕಿ ಅಲ್ಲಿಂದಲೇ ಮಗನನ್ನು ಕೂಗಿದಳು. ವಿಷಯ ತಿಳಿದ ದೇವರಾಜು ಜ್ವರದ ಮಾತ್ರೆ ಹುಡುಕತೊಡಗಿದ. "ಗಂಡಿನೋರು ಇನ್ನೇನ್ ಬಂದ್ಬುಟ್ರು ಕಣವ್ವ. ತಾಂಬೂಲ ಬದಲಾಯಿಸ್ಕೊಂಡು ಮಧ್ಯಾನ ಆಸ್ಪತ್ರೆಗೆ ಒಂಟೋಗವ."

"ಮಾತ್ರೆ ಮುಟ್ಟುದ್ರೆ ಕೈ ಮುರೀತೀನಿ ಕಣ್ಲಾ!"

ರೇಷ್ಮೆ ಸೀರೆಯುಟ್ಟ ಸುಧಾ ಆಗಲೇ ತಂಗಿಯನ್ನು ಎಬ್ಬಿಸಿ ಕೂರಿಸುತ್ತಿದ್ದಳು. ಅಷ್ಟರಲ್ಲಿ ಹನಗೋಡಿನಿಂದ ಗಂಡಿನ ಕಡೆಯವರ ಸುಮೋ ಬಂದು ನಿಂತಿತು. ಚಾಮುಂಡಮ್ಮ ಕುಶಲ ಕೇಳಲಿಲ್ಲ, ಕಾಲಿಗೆ ನೀರೂ ಕೊಡಲಿಲ್ಲ. "ಇಳೀರವ್ವ, ಮಗೀಗೆ ಜ್ವರ, ಮೈಸೂರ್ಗೆ ಓಗ್ಬೇಕು" ಎಂದು ಬೀಗರಾಗಬೇಕಾದವರನ್ನೆಲ್ಲ ಇಳಿಸಿದಳು. ಗಾಡಿ ಓಡಿಸುತ್ತಿದ್ದ ಮದುಮಗ ಧರ್ಮೇಂದ್ರ ಕೂತಲ್ಲೇ ಸ್ಟೀರಿಂಗ್ ತಿರುಗಿಸಿದ. ಅಜ್ಜಿ, ಅಕ್ಕ, ತಂಗಿ ಹತ್ತಿದರು. ಹೆಣ್ಣೂ ಇಲ್ಲದ, ಗಂಡೂ ಇಲ್ಲದ ನಿಶ್ಚಿತಾರ್ಥದ ಮನೆಯಲ್ಲಿ ದೇವರಾಜು ಬೆಪ್ಪಾಗಿ ನಿಂತ.

ರಕ್ತಕ್ಕೇ ಸೋಂಕು ಹರಡಿತ್ತು. ಮಧ್ಯಾಹ್ನದವರೆಗೆ ಕಾದಿದ್ದರೆ ಉಳಿಸುವುದು ಕಷ್ಟವಿತ್ತು ಎಂದರು ಮೈಸೂರಿನ ಡಾಕ್ಟರು. ಐದನೇ ದಿನ ಜ್ವರ ಬಿಟ್ಟಿತು. ಗಂಜಿ ಬೇಡ, ಉಪ್ಪಿಟ್ಟೇ ಬೇಕು ಎಂದು ಮಧುಶ್ರೀ ಹಟ ಹಿಡಿದಾಗ ಚಾಮುಂಡಮ್ಮನಿಗೆ ಹೇಳತೀರದ ಸಂತೋಷವಾಯಿತು.

ಉಪ್ಪಿಟ್ಟು ತರಲು ಹೊರಬಂದರೆ, ವಾರ್ಡಿನ ಬಾಗಿಲಲ್ಲಿ ಧರ್ಮೇಂದ್ರನ ತಾಯಿ ಮಂಗಳಮ್ಮ. ಸಂಬಂಧ ಮುರಿಯಲೇ ಬಂದಿದ್ದಾಳೆ ಎಂದುಕೊಂಡ ಮುದುಕಿ ಕೈ ಮುಗಿದಳು.

"ತಪ್ಪಾಯ್ತು ಕಣ್ರವ್ವ. ಮನೆ ಬಾಗ್ಲಿಗೆ ಬಂದೋರ್ನ ಅಂಗೇ ಇಳಿಸ್ಬುಟ್ಟೆ."

ಮಂಗಳಮ್ಮ ಆ ಕೈಗಳನ್ನು ಹಿಡಿದುಕೊಂಡಳು. "ಒಂದ್ ಮೊಮ್ಮಗಳ್ನ ಇಂಗೆ ಕಾಯ್ದೋರು, ಇನ್ನೊಬ್ಬಳ್ನ ನಮ್ಮನೆಗೆ ಕಳ್ಸೋಕೆ ಒಪ್ತೀರಾ? ಅದುನ್ನೇ ಕೇಳವ ಅಂತ ಬಂದೆ."

ಚಾಮುಂಡಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟಳು. ಆಮೇಲೆ ಒಳಗೆ ತಿರುಗಿ ಕೂಗಿದಳು:

"ಸುಧಾ, ಬಾರವ್ವ. ನಿಮ್ಮತ್ತೆ ಬಂದವ್ರೆ."