ಕಿಡಿ ಬಾರದ ಬೆಳಗು

ನಾನು ಒಂದು ದೋಣಿ ಇಂಜಿನ್. ಒಂಟಿ ಸಿಲಿಂಡರ್, ಒಂದೇ ಪ್ಲಗ್. ಹುಟ್ಟಿದ್ದು ಸಮುದ್ರವೇ ಕಾಣದ ಯಾವುದೋ ಕಾರ್ಖಾನೆಯಲ್ಲಿ. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಹಾರಿದರೆ ನನಗೆ ಜೀವ. ಹಾರದಿದ್ದರೆ ನಾನು ಬರೀ ಭಾರ.

ಮೊದಲ ಯಜಮಾನ ದೊಡ್ಡ ಇಂಜಿನ್ ತಂದು ನನ್ನನ್ನು ಮಾರಿದ. ಹಾಗೆ ಕುಂದಾಪುರದ ಕಡೆ ಹೊಳೆ ಕಡಲು ಸೇರುವ ಒಂದು ಅಳಿವೆ ಬಾಯಿಗೆ, ಹೆರಿಯ ಮತ್ತು ಬಚ್ಚ ಎಂಬ ಅಣ್ಣತಮ್ಮಂದಿರ ದೋಣಿಗೆ ಬಂದೆ. ಹೆರಿಯ ಬಲೆ ಬಿಡುವವನು, ತಮ್ಮ ಬಚ್ಚ ನನ್ನ ಹಗ್ಗ ಎಳೆಯುವವನು. ಪೆಟ್ರೋಲಿನಲ್ಲಿ ಎಬ್ಬಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದನ್ನು ಅವನು ಮಗುವಿಗೆ ಉಣಿಸುವಷ್ಟು ನಾಜೂಕಾಗಿ ಮಾಡುತ್ತಿದ್ದ.

ಆ ವರ್ಷದ ನೂಲ ಹುಣ್ಣಿಮೆ. ಕಡಲಿಗೆ ಹಾಲೆರೆದು ಕಾಯಿ ಒಡೆದರು. ಹೆರಿಯನ ಹೆಂಡತಿ, ಸಾಕು ಎಂಬವಳು, ನನ್ನ ಮುಚ್ಚಳ ತೆಗೆದು ಕುಂಕುಮ ಹಚ್ಚಿ, ಇನ್ನೊಂದು ಕಾಯಿ ಒಡೆದು ನೀರನ್ನು ನನ್ನ ನೆತ್ತಿಗೇ ಹೊಯ್ದಳು.

"ಕಡ್ಲಿಗ್ ಎಲ್ಲಾ ಕೊಡ್ತ್ರ್, ಇದ್ಕೆಂತದೂ ಇಲ್ಯಾ? ಕುಡಿ ಮಗಾ. ಕುಡ್ದ್, ನಮ್ಮವ್ರನ್ನ ಸಮಾ ಕರ್ಕಂಡ್ ಬಾ."

"ಹ್ವಾಯ್, ನಂಗೂ ಒಂದ್ ಗುಟ್ಕ್ ಇಡೆ!" ಎಂದು ಹೆರಿಯ ನಕ್ಕ.

ಪ್ಲಗ್ಗಿನ ರಬ್ಬರ್ ಟೊಪ್ಪಿಯೊಳಗೆ ಆ ಸಿಹಿನೀರು ಇಳಿದು, ಅಂಟಾಗಿ, ನಿಧಾನವಾಗಿ ಹಸಿರು ಕಿಲುಬು ಕಟ್ಟಿತು. ಕಿಡಿಗೆ ಬರುವ ಕರೆಂಟಿನ ದಾರಿ ಮುಚ್ಚುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ಹೇಳುವುದು ಹೇಗೆ?

ಒಂದು ಬೆಳಿಗ್ಗೆ ಹೆರಿಯ ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ಒಬ್ಬನೇ ಅಳಿವೆಯ ಹತ್ತಿರದ ಬಲೆ ನೋಡಲು ಹೋದ. ಇಳಿತದ ನೀರಿಗೆ ಗಾಳಿಯೂ ಸೇರಿ ದೋಣಿಯನ್ನು ದೊಡ್ಡ ಅಲೆಗಳತ್ತ ಎಳೆಯಿತು. ಅವನು ಮುಂಡಾಸು ಬಿಚ್ಚಿ ಬೀಸಿದ. ದಡದಲ್ಲಿದ್ದ ಬಚ್ಚ ನನ್ನತ್ತ ಓಡಿ ಬಂದ.

ಹಗ್ಗ ಎಳೆದ. ನಾನು ಕೆಮ್ಮಲೂ ಇಲ್ಲ. ಪೆಟ್ರೋಲ್ ಪೈಪಿನ ಉಂಡೆ ಹಿಂಡಿದ, ಗಟ್ಟಿಯಾಗಿಯೇ ಇತ್ತು. ಬಂದ್ ಮಾಡುವ ಕೆಂಪು ದಾರ ನೋಡಿದ, ಸರಿಯಾಗಿತ್ತು. ಪ್ಲಗ್ ಬಿಚ್ಚಿದ, ಒದ್ದೆಯಾಗಿತ್ತು, ಅಂದರೆ ಎಣ್ಣೆ ಬರುತ್ತಿದೆ. ಲುಂಗಿಯಲ್ಲಿ ಒರೆಸಿ, ಬೆಂಕಿಪೊಟ್ಟಣದ ಬದಿಗೆ ಉಜ್ಜಿ, ಟೊಪ್ಪಿ ಸಿಕ್ಕಿಸಿ, ನನ್ನ ಮೈಗೆ ತಾಗಿಸಿ ಹಿಡಿದು ಹಗ್ಗ ಎಳೆದ. ಕಿಡಿ ಇಲ್ಲ.

"ಹತ್ತ್ ಮಾರಾಯ, ಒಂದ್ಸಲ ಹತ್ತ್! ಅಣ್ಣ ಹೋತಾ ಇದ್ದ!"

ಟೊಪ್ಪಿಯ ಒಳಗೆ ನೋಡಬೇಕೆಂದು ಅವನಿಗೆ ಹೊಳೆಯಲಿಲ್ಲ. ತಲೆ ಎತ್ತಿದಾಗ ಅಲೆಗಳ ಮೇಲೆ ದೋಣಿಯ ಅಡಿಭಾಗವಷ್ಟೇ ಕಾಣುತ್ತಿತ್ತು.

ಹೆರಿಯನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಮೆಕ್ಯಾನಿಕ್ ಬಾಬು ಬಲೆ ಇಡುವ ಕೊಟ್ಟಿಗೆಗೆ ಬಂದು ನನ್ನ ಟೊಪ್ಪಿ ಕಿತ್ತು ಮೂಸಿದ. "ಇದ್ ಉಪ್ಪ್ ನೀರಲ್ಲ ಬಚ್ಚಣ್ಣ, ಕಾಯಿ ನೀರ್. ಅಂಟ್ ಕಾಣ್. ಯಾರ್ ಹೊಯ್ದದ್ದ್?"

ಬಚ್ಚ ಅವನ ಕೈಯಿಂದ ಟೊಪ್ಪಿ ತೆಗೆದುಕೊಂಡ. "ಈ ಮಾತ್ ಇಲ್ಲೇ ಬಿಡ್, ಬಾಬು. ಅತ್ಗಿ ಕೆಮಿಗ್ ಬೀಳೂಕಾಗ."

ಮರುದಿನ ಸಾಕುವೇ ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. "ಇಂಜಿನ್ ಎಂತಕ್ ಹತ್ತಲಿಲ್ಲ ಬಚ್ಚ?"

"ಪ್ಲಗ್ ಹಾಳಾಯಿತ್ತ್ ಅತ್ಗಿ. ಹೊಸ್ತ್ ಹಾಕ್ಕಿತ್ತ್, ಹಾಕಲಿಲ್ಲ. ನಾನ್ ಉದಾಸೀನ ಮಾಡ್ದೆ."

"ನಿನ್ ಉದಾಸೀನಕ್ಕ್ ನನ್ ಗಂಡ ಹೋದ್ನಾ?"

"ಹೌದ್."

ಆ ಪ್ರಶ್ನೆಯೇ ಅವಳು ಅವನ ಜೊತೆ ಆಡಿದ ಕೊನೆಯ ಮಾತು.

ಈಗಲೂ ನಾನು ಅದೇ ಕೊಟ್ಟಿಗೆಯ ಮೂಲೆಯಲ್ಲಿದ್ದೇನೆ. ಮೈಯೆಲ್ಲ ಬಿಳಿ ಉಪ್ಪು ಹಿಡಿದಿದೆ. ಗುಜರಿಯವನು ಕೇಳಿದರೂ ಬಚ್ಚ ಕೊಡಲಿಲ್ಲ. ಸಾಕು ಮೀನು ಬುಟ್ಟಿ ಹೊತ್ತು ಇದೇ ದಾರಿಯಲ್ಲಿ ಹೋಗುತ್ತಾಳೆ. ಅವನು ಎದುರಾದರೆ ಮುಖ ತಿರುಗಿಸುತ್ತಾಳೆ. ಮೊನ್ನೆ ಜೊತೆಗಿದ್ದವಳು, "ಸಿಟ್ಟ್ ಬಿಡೆ ಸಾಕು, ಎಷ್ಟ್ ವರ್ಷ ಆಯ್ತ್" ಎಂದಳು.

"ಅವ್ನ್ ಮೇಲ್ ಸಿಟ್ಟ್ ಇಪ್ಪುದಕ್ಕೇ ನಾನ್ ಬೆಳಿಗ್ಗೆ ಎದ್ದ್ ಕೆಲ್ಸಕ್ ಹೋಪುದ್" ಎಂದಳು ಸಾಕು.

ಒಳಗೆ ಬಲೆ ಹೆಣೆಯುತ್ತಿದ್ದ ಬಚ್ಚನಿಗೆ ಅದು ಕೇಳಿಸಿತು. ಅವನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಗಂಟು ಹಾಕತೊಡಗಿತು.

ಮಾತು ಬಾರದ ಜನ್ಮ ನನ್ನದೆಂದು ಎಷ್ಟೋ ಸಲ ಮರುಗಿದ್ದೇನೆ. ಆ ಹೊತ್ತು ಮಾತ್ರ, ಬಾರದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು.